ಕೋವಿ ಮಗನಿಗೆ, ಕಾಡು ಯಾರಿಗೆ?

ಮಲೆನಾಡಿನ ಬೇಟೆಯ ಮಾತಿನಲ್ಲಿ 'ಬಿಲ್ಲು' ಎಂದರೆ ಆಯುಧವಲ್ಲ, ಜಾಗ. ಹಂದಿಯೋ ಕಡವೆಯೋ ಹಳುವಿನಿಂದ ಹೊರಬಿದ್ದು ಓಡುವ ಕಂಡಿಗಳನ್ನು ಮೊದಲೇ ಗುರುತಿಸಿ, ಒಂದೊಂದು ಕಂಡಿಗೆ ಒಬ್ಬೊಬ್ಬ ಕೋವಿಯವನನ್ನು ನಿಲ್ಲಿಸುತ್ತಾರೆ. ಹಾಗೆ ನಿಲ್ಲುವುದಕ್ಕೆ 'ಬಿಲ್ಲಿಗೆ ನಿಲ್ಲುವುದು' ಎನ್ನುತ್ತಾರೆ. ಕುವೆಂಪು ಕಾದಂಬರಿಗಳನ್ನು ಓದುವ ಇಂದಿನ ವಿದ್ಯಾರ್ಥಿಗಳು ಈ ಮಾತಿಗೆ ಎಡವುತ್ತಾರೆ. ಕೈಯಲ್ಲಿ ತೋಟಾಕೋವಿ ಇರುವವನಿಗೆ ಬಿಲ್ಲೇಕೆ ಎಂದು ಕೇಳುತ್ತಾರೆ. ಪ್ರಶ್ನೆ ಸರಿಯಾಗಿಯೇ ಇದೆ. ಕೋವಿ ಬಂದು ಬಿಲ್ಲನ್ನು ಅಟ್ಟಕ್ಕೆ ಕಳಿಸಿತು, ಆದರೆ ನಿಲ್ಲುವ ಜಾಗದ ಹೆಸರನ್ನು ಅಳಿಸಲಿಲ್ಲ. ಕೈಯಲ್ಲಿದ್ದ ಆಯುಧ ಬದಲಾದರೂ ಕಾಡಿನ ಲೆಕ್ಕಾಚಾರ ಹಳೆಯದೇ ಉಳಿಯಿತು.

ಈ ಬರಹದಲ್ಲಿ ನಾನು ಹುಡುಕುತ್ತಿರುವುದು ಆ ಲೆಕ್ಕಾಚಾರ ಒಬ್ಬರಿಂದ ಒಬ್ಬರಿಗೆ ಹೇಗೆ ದಾಟಿತು ಎಂಬುದನ್ನು. ನಮ್ಮ ಬೇಟೆಯ ಸಾಹಿತ್ಯವನ್ನು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಓದುತ್ತೇವೆ. ಒಂದು, ಸಾಹಸವಾಗಿ. ಇನ್ನೊಂದು, ಈಗಿನ ಪರಿಸರ ಪ್ರಜ್ಞೆಯಿಂದ ಹಿಂತಿರುಗಿ ನೋಡಿ ತಲೆತಗ್ಗಿಸುವ ಸಂಗತಿಯಾಗಿ. ಎರಡೂ ಓದುಗಳು ಈಡು ಹಾರಿದ ಆ ಒಂದು ಗಳಿಗೆಗೆ ಅಂಟಿಕೊಂಡಿರುತ್ತವೆ. ಆದರೆ ಈ ಬರಹಗಳಲ್ಲಿ ಈಡು ಹಾರುವುದು ಒಂದು ಸಾಲಿನಲ್ಲಿ ಮುಗಿಯುತ್ತದೆ. ಉಳಿದ ಪುಟಗಳೆಲ್ಲ ಸಿದ್ಧತೆಗೆ ಮೀಸಲು: ಹೆಜ್ಜೆ ನೋಡುವುದು, ಗಾಳಿ ನೋಡುವುದು, ನಾಯಿಗಳನ್ನು ಕೂಗಿ ಸೇರಿಸುವುದು, ಯಾರು ಸೋವಿಗೆ, ಯಾರು ಬಿಲ್ಲಿಗೆ ಎಂದು ಹಂಚುವುದು. ಆ ಸಿದ್ಧತೆಯನ್ನು ಕಲಿಸಿದವರು ಯಾರು, ಕಲಿತವರು ಯಾರು ಎಂದು ಕೇಳಿದರೆ ಈ ಪುಸ್ತಕಗಳು ಬೇರೆಯೇ ಕಥೆ ಹೇಳತೊಡಗುತ್ತವೆ.

ಹಳಗನ್ನಡದ ಕಡೆ ಒಮ್ಮೆ ತಿರುಗಿ ನೋಡಿ ಮುಂದೆ ಹೋಗೋಣ. ದಂಡಿ ಮಹಾಕಾವ್ಯಕ್ಕೆ ಹೇಳಿದ ವರ್ಣನೆಗಳ ಪಟ್ಟಿಯಲ್ಲಿ ಬೇಟೆಯ ಹೆಸರಿಲ್ಲ. ಆದರೂ ಕನ್ನಡ ಕವಿಗಳು ಅದನ್ನು ಬಿಡಲಿಲ್ಲ. ಪಂಪನ 'ವಿಕ್ರಮಾರ್ಜುನ ವಿಜಯ'ದಲ್ಲಿ (941) ಖಾಂಡವ ದಹನಕ್ಕೆ ಮೊದಲು ಕೃಷ್ಣಾರ್ಜುನರ ಬೇಟೆ ಬರುತ್ತದೆ. ರಾಘವಾಂಕನ ಹರಿಶ್ಚಂದ್ರ ಬೇಟೆಗೆ ಹೊರಡುವುದು ಬರೀ ವಿನೋದಕ್ಕಲ್ಲ. ಕಾಡುಪ್ರಾಣಿಗಳು ಬೆಳೆ ಹಾಳುಮಾಡುತ್ತಿವೆ ಎಂಬ ಪ್ರಜೆಗಳ ದೂರಿನ ಮೇಲೆ. (ಆ ಪ್ರಾಣಿಗಳು ವಿಶ್ವಾಮಿತ್ರನ ಸೃಷ್ಟಿ ಎನ್ನುವುದು ಬೇರೆ ಮಾತು. ಗದ್ದೆಗೆ ಹಂದಿ ನುಗ್ಗಿದ ರೈತನಿಗೆ ಎಲ್ಲ ಹಂದಿಯೂ ಯಾರೋ ಬೇಕೆಂದೇ ಕಳಿಸಿದಂತೆ ಕಾಣುತ್ತದೆ!) ಹಳಗನ್ನಡದಲ್ಲಿ ಬೇಟೆಗೆ 'ಬೇಂಟೆ' ಎನ್ನುತ್ತಿದ್ದರು, 'ಬೇಟ' ಎಂದರೆ ಪ್ರೇಮ. 'ದೀವ' ಎಂಬ ಇನ್ನೊಂದು ಮಾತಿದೆ: ಕಾಡಿನ ಮೃಗವನ್ನು ಸೆಳೆಯಲು ಮುಂದೆ ಬಿಡುವ ಸಾಕಿದ ಮೃಗ. ಅರಮನೆಯ ಕವಿಗೆ ಇಂಥ ಮಾತು ಅರಮನೆಯಲ್ಲಿ ಹುಟ್ಟಿ ಸಿಕ್ಕಿರಲಾರದು. ಜಿಂಕೆಮರಿಯನ್ನು ಹಿಡಿದು, ಸಾಕಿ, ತಿದ್ದಿ, ಬೇಟೆಯ ದಿನ ಹಗ್ಗ ಹಿಡಿದು ತಂದ ಬೇಡನ ಬಾಯಿಂದ ಅದು ಬಂದಿರಬೇಕು. ಕಾವ್ಯದಲ್ಲಿ ಬಿಲ್ಲೆತ್ತುವವನು ಅರ್ಜುನ, ಮಾತು ಮಾತ್ರ ಬೇಡನದು. ಈ ಸಂಬಂಧ ಸಾವಿರ ವರ್ಷ ಕಳೆದರೂ ಹೆಚ್ಚು ಬದಲಾಗಿಲ್ಲ ಎನ್ನುವುದು ನನ್ನ ಓದು.

'ಕಾನೂರು ಹೆಗ್ಗಡಿತಿ'ಗೆ (1936) ಬನ್ನಿ. ಮೈಸೂರಿನಲ್ಲಿ ಓದಿ ಊರಿಗೆ ಬರುವ ಹೂವಯ್ಯ, ರಾಮಯ್ಯರಿಂದ ಕಾದಂಬರಿ ಶುರುವಾಗುತ್ತದೆ. ಪುಸ್ತಕದ ವಿದ್ಯೆ ಅವರ ಟ್ರಂಕಿನಲ್ಲಿ ಬರುತ್ತದೆ. ಕಾಡಿನ ವಿದ್ಯೆ ಮನೆಯಲ್ಲೇ ಇದೆ, ಆದರೆ ಯಜಮಾನರ ಹತ್ತಿರ ಇಲ್ಲ. ಅದು ಮನೆಯ ಯಜಮಾನನಲ್ಲದ ಪುಟ್ಟಣ್ಣನ ಹತ್ತಿರ ಇದೆ. ಸೋವಿಗೆ ಇಳಿಯುವ ಆಳುಗಳ ಹತ್ತಿರ ಇದೆ. ಚಂದ್ರಯ್ಯಗೌಡರಿಗೆ ಗದ್ದೆ, ತೋಟ, ಕೋವಿ, ಅಧಿಕಾರ ಎಲ್ಲ ಇವೆ. ಹಂದಿ ಇವತ್ತು ಯಾವ ಹಳುವಿನಲ್ಲಿ ಮಲಗಿದೆ ಎಂಬುದಕ್ಕೆ ಮಾತ್ರ ಅವರ ಅಧಿಕಾರ ನಡೆಯುವುದಿಲ್ಲ.

ಬೇಟೆಯ ದಿನ ಈ ಮನೆಗಳಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕೇಪಿನ ಕೋವಿಗೆ ಈಡು ತುಂಬುವುದೇ ಒಂದು ಪಾಠ. ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ಮೇಲೆ ತೆಂಗಿನ ನಾರು ತುರುಕಿ ಉದ್ದ ಸರಳಿನಿಂದ ಜಡಿಯಬೇಕು, ಆಮೇಲೆ ಚರೆಯೋ ಗುಂಡೋ, ಮತ್ತೆ ನಾರು, ಕೊನೆಗೆ ಕೇಪು. ಮದ್ದು ಹೆಚ್ಚಾದರೆ ಹೆಗಲಿಗೆ ಪೆಟ್ಟು, ಒಮ್ಮೊಮ್ಮೆ ನಳಿಗೆಯೇ ಸಿಡಿಯುವುದು; ಕಡಿಮೆಯಾದರೆ ಗಾಯಗೊಂಡ ಹಂದಿ ಎದುರಿಗೆ. ಮಳೆಗಾಲದಲ್ಲಿ ಮದ್ದು ತಣಿಯದಂತೆ ಒಲೆಯಿಂದ ಎಷ್ಟು ದೂರ, ಎಷ್ಟು ಹತ್ತಿರ ಇಡಬೇಕು ಎಂಬುದಕ್ಕೂ ಲೆಕ್ಕವಿತ್ತು. ಹುಡುಗರಿಗೆ ಇದೆಲ್ಲ ಒಂದೇ ಸಲ ಸಿಗುತ್ತಿರಲಿಲ್ಲ. ಮುಂಗಾರಿನ ಮೊದಲ ಮಳೆಗೆ ನೀರಿನೆದುರು ಹತ್ತಿ ಬರುವ ಹತ್ತುಮೀನು ಕಡಿಯುವುದು ಮೊದಲ ತರಗತಿ. ಆಮೇಲೆ ಸೋವಿನವರ ಜೊತೆ ಕೂಗು ಹಾಕಿಕೊಂಡು ಹೋಗುವುದು. ಹಣ್ಣು ಬೀಳುವ ಮರದ ಮೇಲೆ ರಾತ್ರಿ ಉಸಿರು ಬಿಗಿಹಿಡಿದು ಮರಸು ಕೂರುವುದು ಕೊನೆಯದು, ಯಾಕೆಂದರೆ ಅಲ್ಲಿ ಬೇಕಾದದ್ದು ಗುರಿಯಲ್ಲ, ಕೆಮ್ಮದೆ ಕೂರುವ ಶಕ್ತಿ. ಹಂದಿ ಬಿದ್ದ ಮೇಲೆ ಪಾಲು. ಈಡು ಹೊಡೆದವನಿಗೆ ಇಷ್ಟು, ಬಿಲ್ಲಿಗೆ ನಿಂತವರಿಗೆ ಇಷ್ಟು, ಸೋವಿನವರಿಗೆ ಇಷ್ಟು, ನಾಯಿಗೂ ಒಂದು ಪಾಲು. ನಾಯಿಯ ಪಾಲು ನಾಯಿಯ ಒಡೆಯನ ಮನೆಗೆ ಹೋಗುತ್ತಿತ್ತು ಎನ್ನುವುದನ್ನು ಮರೆಯಬಾರದು.

ಆಮೇಲಿನ ಕೆಲಸ ಹೆಂಗಸರದು. ಮಾಂಸವನ್ನು ಸೀಳಿ, ಉಪ್ಪು ಅರಿಶಿನ ಹಚ್ಚಿ, ಒಲೆಯ ಮೇಲೆ ಹೊಗೆಗೆ ತೂಗುಹಾಕಿ ಒಣಗಿಸಿ, ಮಳೆಗಾಲದುದ್ದಕ್ಕೂ ಕೆಡದಂತೆ ಕಾಯುವುದು ಕಾಡಿನಲ್ಲಿ ಹೆಜ್ಜೆ ನೋಡುವಷ್ಟೇ ಸೂಕ್ಷ್ಮದ ವಿದ್ಯೆ. ಅದು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಂತು. ನಮ್ಮ ಕಾದಂಬರಿಗಳು ಕಡುಬು ಬೆಂದದ್ದನ್ನು, ಬಡಿಸಿದ್ದನ್ನು ಹೇಳುತ್ತವೆ. ಬೇಟೆಯ ಗಂಡಸರ ಹಿಂದೆ ಕಾಡಿನುದ್ದಕ್ಕೂ ನಡೆಯುವ ಅವುಗಳ ಕಣ್ಣು ಅಡುಗೆಮನೆಯ ಅಟ್ಟದ ಕೆಳಗೆ ಅಷ್ಟು ಹೊತ್ತು ನಿಲ್ಲುವುದಿಲ್ಲ.

ಕುವೆಂಪು ಅವರಿಗೆ ಸೋವಿನವರ ಮೇಲೆ ಪ್ರೀತಿಯಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ 'ಕಾನೂರು ಹೆಗ್ಗಡಿತಿ'ಯಲ್ಲಿ ಆ ಪ್ರೀತಿ ಬಹಳ ಸಲ ನಗೆಯ ರೂಪದಲ್ಲಿ ಬರುತ್ತದೆ. ಬೇಲರ ಬೈರನಂಥವರು ಕಣ್ಣಿಗೆ ಕಟ್ಟುವಂತೆ ಚಿತ್ರಿತರಾಗಿದ್ದಾರೆ, ಆದರೆ ನಿರೂಪಕ ಅವರನ್ನು ನೋಡುವುದು ಗೌಡರ ಮನೆಯ ಜಗಲಿಯಿಂದ. ಅವರ ತಿಳಿವಳಿಕೆ ಗೌಡರಿಗೆ ಉಪಯೋಗಕ್ಕೆ ಬಿದ್ದಾಗ ಮಾತ್ರ ತಿಳಿವಳಿಕೆ. ಇಲ್ಲದಿದ್ದರೆ ಮೂಢನಂಬಿಕೆ, ಹೆಂಡದ ಮಾತು. ಕುವೆಂಪು ಸ್ವತಃ ಹುಡುಗರಾಗಿದ್ದಾಗ ಕುಪ್ಪಳಿಯ ಕಾಡಿನಲ್ಲಿ ಶಿಕಾರಿಯ ಹುಚ್ಚು ಹತ್ತಿಸಿಕೊಂಡವರು. ಕಾಡು ಕಲಿಸಿದವರ ಋಣ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಜಗಲಿಯಿಂದ ಇಳಿಯಲು ಅವರ ಗದ್ಯಕ್ಕೆ ಇನ್ನೊಂದು ಮೂವತ್ತು ವರ್ಷ ಬೇಕಾಯಿತು.

ನನ್ನ ಓರ್ವ ವಿದ್ಯಾರ್ಥಿನಿ ಈ ಕಾದಂಬರಿಯ ಬೇಟೆಯ ಮಾತುಗಳ ಮೇಲೆ ಪ್ರಬಂಧ ಬರೆಯಲು ಊರಿಗೆ ಹೋದಳು. ಅವಳದು ಕೋವಿ ಇದ್ದ ಮನೆ. ಅಜ್ಜನಿಗೆ ಎಂಬತ್ತು ದಾಟಿದೆ, ಬೇಟೆಯಾಡಿದ ದಿನಗಳ ಕಥೆ ಬೇಕಾದಷ್ಟು ಹೇಳಿದರಂತೆ: ಯಾವ ವರ್ಷ ಎಷ್ಟು ತೂಕದ ಹಂದಿ, ಯಾರ ಗುರಿ ತಪ್ಪಿತು, ಯಾರು ಮರ ಹತ್ತಿದರು. ಆದರೆ ಹಳುವಿನ ಒಳಗೆ ಸೋವಿನವರು ಒಬ್ಬರಿಗೊಬ್ಬರು ಹಾಕುತ್ತಿದ್ದ ಕೂಗುಗಳ ಅರ್ಥ ಕೇಳಿದಾಗ ಅಜ್ಜ ಸುಮ್ಮನಾದರು. 'ಅದೆಲ್ಲ ಅವರಿಗೇ ಗೊತ್ತು ಮಗ, ಕೆಳಗಿನ ಕೇರಿಗೆ ಹೋಗಿ ಕೇಳು' ಎಂದರು. ಅವಳು ಹೋದಳು. ಅಲ್ಲಿದ್ದ ಮುದುಕ, ಒಂದು ಕಾಲದಲ್ಲಿ ಅದೇ ಮನೆಯ ಆಳು, ಎರಡು ಗಂಟೆ ಮಾತಾಡಿದ. ಹಂದಿ ಎದ್ದರೆ ಒಂದು ಕೂಗು, ಎದ್ದದ್ದು ಮರಿಗಳ ಜೊತೆಯಿದ್ದ ಹೆಣ್ಣಾದರೆ ಇನ್ನೊಂದು. ಎರಡನೆಯ ಕೂಗು ಕೇಳಿದರೆ ಬಿಲ್ಲಿನವರು ಕೋವಿ ಇಳಿಸಬೇಕು ಎಂಬುದು ಸೋವಿನವರು ಮಾಡಿಕೊಂಡ ಕಟ್ಟಳೆ. 'ಅಯ್ಯೋರು ಕೆಲವು ಸಲ ಇಳಿಸ್ತಿದ್ರು, ಕೆಲವು ಸಲ ಇಲ್ಲ' ಎಂದನಂತೆ. ಅವಳ ಪ್ರಬಂಧದಲ್ಲಿ ಅತ್ಯುತ್ತಮವಾದ ಪುಟ ಅದು. ಅವಳ ಮನೆಯಲ್ಲಿ ಕೋವಿ ಅಜ್ಜನಿಂದ ಅಪ್ಪನಿಗೆ ಬಂದಿದೆ, ಪರವಾನಗಿ ವರ್ಗಾವಣೆಯೂ ಆಗಿದೆ. ಕೂಗುಗಳು ಮಾತ್ರ ಆ ಮನೆಯೊಳಗೆ ಎಂದೂ ಬಂದಿರಲಿಲ್ಲ.

'ಮಲೆಗಳಲ್ಲಿ ಮದುಮಗಳು' (1967) ತೆರೆದುಕೊಳ್ಳುವುದೇ ಸಿಂಬಾವಿಯ ಹೊಲೆಯರ ಗುತ್ತಿ ಮತ್ತು ಅವನ ನಾಯಿ ಹುಲಿಯನ ಕಾಡುದಾರಿಯ ನಡಿಗೆಯಿಂದ. ಇಲ್ಲಿ ಜಗಲಿಯಿಲ್ಲ. ನಾವು ಗುತ್ತಿಯ ಹೆಜ್ಜೆಯ ಹಿಂದೆ, ನಾಯಿಯ ಮೂಗಿನ ಹಿಂದೆ ಕಾಡನ್ನು ಹೊಗುತ್ತೇವೆ. ಮಲೆನಾಡಿನ ದೊಡ್ಡ ಮನೆಗಳಲ್ಲಿ ಬೇಟೆನಾಯಿಗಳಿಗೆ ಟೈಗರ್, ರೂಬಿ, ಡೈಮಂಡು ಎಂದು ಇಂಗ್ಲಿಷ್ ಹೆಸರಿಡುವ ಶೋಕಿ ಇತ್ತು. ಗುತ್ತಿ ತನ್ನ ನಾಯಿಯನ್ನು ಕರೆಯುವುದು ಹುಲಿಯ ಎಂದು. ಅರ್ಥದಲ್ಲಿ ಟೈಗರ್ ಬೇರೆಯಲ್ಲ, ಹುಲಿಯ ಬೇರೆಯಲ್ಲ. ಆದರೆ ಒಂದು ಹೆಸರು ನೆಂಟರಿಗೆ ಕೇಳಿಸಲಿ ಎಂದು ಇಟ್ಟದ್ದು, ಇನ್ನೊಂದು ನಾಯಿಗೆ ಕೇಳಿಸಲಿ ಎಂದು ಇಟ್ಟದ್ದು. ಕಾದಂಬರಿಯ ಕೊನೆಯಲ್ಲಿ ತುಂಗೆಯ ನೆರೆಯಲ್ಲಿ ಹುಲಿಯ ಕೊಚ್ಚಿಹೋಗುತ್ತದೆ. ಇದನ್ನು ಯುಧಿಷ್ಠಿರನ ನಾಯಿಯ ಕಥೆಯೊಡನೆ ಇಟ್ಟು ಓದುವ ವಿಮರ್ಶೆ ನಮ್ಮಲ್ಲಿದೆ, ಅದು ದೊಡ್ಡ ಓದು. ನನಗೆ ಅದಕ್ಕಿಂತ ಸಣ್ಣದೊಂದು ಸಂಗತಿ ಕಾಡುತ್ತದೆ. ಊರು ಬಿಟ್ಟು ಓಡುತ್ತಿರುವ ಗುತ್ತಿಗೆ ಗದ್ದೆಯಿಲ್ಲ, ಮನೆಯಿಲ್ಲ, ಕೋವಿಯಂತೂ ಮೊದಲೇ ಇಲ್ಲ. ತನ್ನದು ಎನ್ನಲು, ತನ್ನ ಕೈಯಾರೆ ಕಲಿಸಿ ಬೆಳೆಸಿದ್ದು ಎನ್ನಲು ಇದ್ದದ್ದು ಆ ನಾಯಿ. ಹೊಳೆ ಒಯ್ದದ್ದು ಅದನ್ನೇ.

ಮಲೆನಾಡಿನ ಪಕ್ಕದ ಕೊಡಗಿನಲ್ಲಿ ಈ ಹಸ್ತಾಂತರ ಹಬ್ಬದ ರೂಪದಲ್ಲಿ, ಎಲ್ಲರ ಕಣ್ಣೆದುರೇ ನಡೆಯುತ್ತದೆ. ಕೊಡವರ ಕೈಲ್‌ಪೊಳ್ದ್ ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುತ್ತದೆ. ನಾಟಿ ಮುಗಿದಿರುತ್ತದೆ. ಬೇಸಾಯದ ತಿಂಗಳುಗಳಲ್ಲಿ ಐನ್‌ಮನೆಯೊಳಗೆ ಇಟ್ಟಿದ್ದ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಹೊರಗೆ ತೆಗೆದು, ಒರೆಸಿ, ಗಂಧವಿಟ್ಟು, ಆ ಕಾಲಕ್ಕೇ ಬೇಲಿಗಳಲ್ಲಿ ಅರಳುವ ತೋಕ್‌ಪೂವಿನಿಂದ ಅಲಂಕರಿಸುತ್ತಾರೆ. ತೋಕ್ ಎಂದರೆ ಕೋವಿ; ಹೂವಿಗೂ ಅದೇ ಹೆಸರು. ಪೂಜೆಯಾದ ಮೇಲೆ ಒಕ್ಕದ ಹಿರಿಯ ಕಿರಿಯನ ಕೈಗೆ ಕೋವಿ ಕೊಟ್ಟು ನಾಲ್ಕು ಬುದ್ಧಿಮಾತು ಹೇಳುತ್ತಾನೆ. ಕಡಂಬಿಟ್ಟು, ಹಂದಿಕರಿಯ ಊಟ. ಆಮೇಲೆ ಬಯಲಿನಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ. ಹಿಂದೆ ಇದು ಬೇಟೆಯ ಕಾಲದ ಬಾಗಿಲು.

ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು ಹಾರಿಸಿ ಊರಿಗೆ ತಿಳಿಸುತ್ತಿದ್ದರು, ಸಾವಾದರೆ ಎರಡು. ಹುಟ್ಟಿದ ಗಂಡುಮಗುವಿನ ಕೈಗೆ ಹರಳುಗಿಡದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲು ಮುಟ್ಟಿಸುವ ಪದ್ಧತಿಯೂ ಇತ್ತು. ಹುಲಿ ಹೊಡೆದವನಿಗೆ ಆ ಹುಲಿಯ ಜೊತೆಗೇ ಮದುವೆಯ ಮರ್ಯಾದೆ ಮಾಡುವ ನರಿ ಮಂಗಲವಂತೂ ಪ್ರಸಿದ್ಧ (ಕೊಡವ ನುಡಿಯಲ್ಲಿ ನರಿ ಎಂದರೆ ಹುಲಿ). ನಡಿಕೇರಿಯಂಡ ಚಿಣ್ಣಪ್ಪ ಊರೂರು ಅಲೆದು ಹಾಡು, ಪದ್ಧತಿ, ಗಾದೆಗಳನ್ನು ಕೂಡಿಸಿ 1924ರಲ್ಲಿ 'ಪಟ್ಟೋಲೆ ಪಳಮೆ'ಯನ್ನು ಅಚ್ಚು ಹಾಕಿಸದಿದ್ದರೆ ಇಂಥ ಎಷ್ಟೋ ಸಂಗತಿಗಳು ನಮಗೆ ಈ ವಿವರದಲ್ಲಿ ಸಿಗುತ್ತಿರಲಿಲ್ಲ. ಬಾಯಿಂದ ಬಾಯಿಗೆ ದಾಟುತ್ತಿದ್ದದ್ದು ಇನ್ನು ದಾಟಲಾರದು ಎಂಬ ಆತಂಕ ಆ ಸಂಗ್ರಹದ ಹಿಂದೆ ಇದ್ದಿರಬೇಕು. ಅದನ್ನು ಬೇಟೆಯ ಪುಸ್ತಕ ಎಂದು ಯಾರೂ ಕರೆಯುವುದಿಲ್ಲ. ಆದರೆ ಪರಂಪರೆಯೊಂದನ್ನು ಮುಂದಿನವರ ಕೈಗೆ ಕೊಡುವುದು ಎಂದರೇನು ಎಂದು ತಿಳಿಯಲು ನಾನು ವಿದ್ಯಾರ್ಥಿಗಳಿಗೆ ಸೂಚಿಸುವ ಮೊದಲ ಪುಸ್ತಕ ಅದೇ.

ಕೈಲ್‌ಪೊಳ್ದ್ ಬಗ್ಗೆ ಬರೆಯುವವರು ಹೂವಿಟ್ಟ ಕೋವಿಯ ಚಿತ್ರಕ್ಕೆ ಮರುಳಾಗುತ್ತಾರೆ. ನನ್ನನ್ನು ಸೆಳೆಯುವುದು ಹಬ್ಬಕ್ಕೆ ಮುಂಚಿನ ತಿಂಗಳುಗಳು. ಕಕ್ಕಡದ ಮಳೆಯಲ್ಲಿ, ಕೈ ಕಾಲು ಕೆಸರಿನಲ್ಲಿರುವಾಗ, ಆಯುಧ ಮುಟ್ಟುವಂತಿಲ್ಲ. ಬೇಟೆಗೆ ಕಾಲ ಎನ್ನುವುದು ಇರಬೇಕಾದರೆ ಬೇಟೆಯಿಲ್ಲದ ಕಾಲವೂ ಇರಬೇಕು. ಕೋವಿ ಹಿಡಿಯುವುದನ್ನು ಕಲಿಸಿದ ಮನೆತನಗಳು ಕೋವಿ ಇಡುವುದನ್ನೂ ಕಲಿಸಿದವು.

ಆದರೆ ಇಲ್ಲೂ ಅದೇ ಪ್ರಶ್ನೆ ಏಳುತ್ತದೆ. ಆಯುಧ ಇಟ್ಟುಕೊಳ್ಳುವ ಹಕ್ಕು ಯಾರಿಗೆ? 1857ರ ಆಯುಧ ಕಾಯ್ದೆಯ ಕಾಲದಲ್ಲಿ ಎರಡು ಸಂಗತಿಗಳು ನಡೆದವು. ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ಊರು ಸುಟ್ಟಿತು, ಜನ ಗಲ್ಲಿಗೇರಿದರು. ಇನ್ನೊಂದು ಕಡೆ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಅವರ ನಿಷ್ಠೆಯನ್ನು ಮೆಚ್ಚಿ ವಿನಾಯಿತಿ ಕೊಟ್ಟ. ಆ ವಿನಾಯಿತಿ ರೂಪ ಬದಲಿಸುತ್ತ ಇಂದಿಗೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇದೆ. ಅದೇ ಕೊಡಗಿನ ಕಾಡುಗಳನ್ನು ಅಂಗೈಯಂತೆ ಬಲ್ಲ ಜೇನುಕುರುಬರಿಗೆ, ಯರವರಿಗೆ ಜನಾಂಗದ ಹೆಸರಿನಲ್ಲಿ ಅಂಥದ್ದು ಬರಲಿಲ್ಲ. ಹಲಗಲಿಯ ಬೇಡರಿಗೆ ಸಿಕ್ಕಿದ್ದು ಲಾವಣಿ. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಅದನ್ನು ಸಂಗ್ರಹಿಸಿ ಪ್ರಕಟಿಸಿದ. ಬೇಟೆಗಾರನ ಕೈಯ ಆಯುಧ ಹೋದ ಮೇಲೆ ಹುಟ್ಟಿದ ಆ ಲಾವಣಿಯನ್ನು ನಾವು ಸ್ವಾತಂತ್ರ್ಯ ಹೋರಾಟದ ಹಾಡೆಂದು ಪಠ್ಯಪುಸ್ತಕದಲ್ಲಿ ಓದಿದೆವು. ಬೇಟೆಯ ಬದುಕು ಮುಗಿದುಹೋದದ್ದರ ದಾಖಲೆ ಎಂದು ಓದಲಿಲ್ಲ.

ಇಪ್ಪತ್ತನೆಯ ಶತಮಾನದ ಬೇಟೆಯ ನೆನಪುಗಳ ಗದ್ಯ ನಮ್ಮಲ್ಲಿ ಸಾಕಷ್ಟಿದೆ. ಕೆದಂಬಾಡಿ ಜತ್ತಪ್ಪ ರೈಗಳ 'ಬೇಟೆಯ ನೆನಪುಗಳು', 'ಈಡೊಂದು ಹುಲಿಯೆರಡು' ದಕ್ಷಿಣ ಕನ್ನಡದ ಕಡೆಯ ಪುಸ್ತಕಗಳು. ಮಾತಿನ ರುಚಿಗೆ, ಹಾಸ್ಯಕ್ಕೆ ಇಂದಿಗೂ ಓದಬೇಕಾದವು. ಹೆಚ್ಚು ಜನ ಓದಿದ್ದು ಕೆನೆತ್ ಆಂಡರ್ಸನ್‌ನನ್ನು, ತೇಜಸ್ವಿಯವರ 'ಕಾಡಿನ ಕಥೆಗಳು' ಮೂಲಕ. ನನ್ನ ತಲೆಮಾರಿನ ಬಯಲುಸೀಮೆಯ ಹುಡುಗರು ಕಾಡು ಕಾಣುವ ಮೊದಲೇ ನರಭಕ್ಷಕವನ್ನು ಕಂಡದ್ದು ಆ ಪುಸ್ತಕಗಳಲ್ಲಿ. ಅಲ್ಲಿ ಬೇಟೆ ಊರಿನದಲ್ಲ, ಒಬ್ಬಂಟಿಯದು: ರೈಫಲ್ಲು, ರಾತ್ರಿ, ಮಚಾನು, ದೊರೆ. ಹಂದಿಬೇಟೆಯ ಗದ್ದಲ, ಪಾಲಿನ ಜಗಳ ಅಲ್ಲಿಲ್ಲ. ಆದರೂ ಆಂಡರ್ಸನ್ ಒಂದು ವಿಷಯದಲ್ಲಿ ನಮ್ಮ ಎಷ್ಟೋ ಶಿಕಾರಿ ಲೇಖಕರಿಗಿಂತ ಪ್ರಾಮಾಣಿಕ. ತನಗೆ ಕಾಡು ಕಲಿಸಿದವನು ಬೈರ ಎಂಬ ಪೂಜಾರಿ ಎಂದು ಹೆಸರು ಹಿಡಿದು ಹೇಳುತ್ತಾನೆ. ಅವನ ಪುಸ್ತಕಗಳಲ್ಲಿ ಹುಲಿಗಳಿಗೆ ಊರ ಹೆಸರು ಸಿಕ್ಕಿದೆ, ಗುರುವಿಗೂ ಸ್ವಂತ ಹೆಸರು ಸಿಕ್ಕಿದೆ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1991ರ ತಿದ್ದುಪಡಿ ಉಳಿದಿದ್ದ ಕಿಂಡಿಗಳನ್ನೂ ಮುಚ್ಚಿತು. ಕಾಯ್ದೆ ಬೇಕಿತ್ತು, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ತೋಟಾಕೋವಿ, ಜೀಪು, ಸರ್ಚ್‌ಲೈಟು ಸೇರಿಕೊಂಡ ಮೇಲೆ ಬೇಟೆಯಲ್ಲಿ ಕಲಿಯುವಂಥದ್ದೂ ಉಳಿದಿರಲಿಲ್ಲ, ಕಾಡಿನಲ್ಲಿ ಹೊಡೆಯುವಂಥದ್ದೂ ಉಳಿಯುತ್ತಿರಲಿಲ್ಲ. ಆದರೆ ಬೇಟೆ ನಿಂತಾಗ ಅದರ ಜೊತೆಗಿದ್ದ ಕಟ್ಟಳೆಗಳೂ ನಿಂತವು. ಹಂದಿ ನಿಲ್ಲಲಿಲ್ಲ. ಗದ್ದೆಗೆ ನುಗ್ಗುವ ಹಂದಿಗೆ ಈಗ ಬೇಲಿಯಲ್ಲಿ ತಂತಿಯ ಉರುಳು ಬಿಗಿಯುತ್ತಾರೆ. ಉರುಳು ಕಟ್ಟಲು ಗಾಳಿ ನೋಡಬೇಕಿಲ್ಲ, ನಾಯಿ ಸಾಕಬೇಕಿಲ್ಲ, ಯಾರ ಜೊತೆಗೂ ಪಾಲು ಹಂಚಬೇಕಿಲ್ಲ. ಮರಿಯ ಜೊತೆಗಿರುವ ಹೆಣ್ಣು ಎಂದು ಯಾರೂ ಕೂಗುವುದಿಲ್ಲ. ಅದೇ ಉರುಳಿಗೆ ಚಿರತೆಯೂ ಸಿಕ್ಕಿ ಬೀಳುತ್ತದೆ. ಪರವಾನಗಿಯ ಕೋವಿಗಳು ಚುನಾವಣೆ ಬಂದಾಗ ಪೊಲೀಸ್ ಠಾಣೆಯಲ್ಲಿ ಠೇವಣಿಯಾಗಿ, ಮುಗಿದ ಮೇಲೆ ಮನೆಗೆ ಮರಳುತ್ತವೆ. ಹಿಂದೆ ಕೋವಿ ಇಡುವ ಕಾಲವನ್ನು ನಾಟಿ ಹೇಳುತ್ತಿತ್ತು, ಈಗ ಚುನಾವಣಾ ಆಯೋಗ ಹೇಳುತ್ತದೆ. ಇತ್ತ ಸಾಹಿತ್ಯದಲ್ಲಿ ಶಿಕಾರಿ ಎಂಬ ಮಾತು ಪೇಟೆಗೆ ಹೋಯಿತು: ಯಶವಂತ ಚಿತ್ತಾಲರ 'ಶಿಕಾರಿ'ಯಲ್ಲಿ (1979) ಮುಂಬಯಿಯ ಕಚೇರಿಯಲ್ಲಿ ಮನುಷ್ಯನೇ ಮಿಕ.

ಅದರ ಮರುವರ್ಷ ಬಂದ 'ಕರ್ವಾಲೊ' (1980) ನನ್ನ ಓದಿನಲ್ಲಿ ಕನ್ನಡದ ದೊಡ್ಡ ಬೇಟೆಯ ಕಾದಂಬರಿ. ಅದನ್ನು ವಿಜ್ಞಾನದ, ವಿಕಾಸವಾದದ ಕಾದಂಬರಿಯೆಂದು ಓದುವುದು ವಾಡಿಕೆ. ಅದೂ ಸರಿಯೇ. ಆದರೆ ಹಾರುವ ಓತಿಯನ್ನು ಹುಡುಕಿ ಹೊರಡುವ ಆ ತಂಡವನ್ನು ಒಮ್ಮೆ ಎಣಿಸಿ ನೋಡಿ. ದಾರಿ ಬಲ್ಲ ಮಂದಣ್ಣ, ಮರ ಹತ್ತಲೂ ಬಿರಿಯಾನಿ ಮಾಡಲೂ ಕರಿಯಪ್ಪ, ಹಾವುಗೊಲ್ಲರ ಎಂಗ್ಟ, ಕ್ಯಾಮರಾ ಹೊತ್ತ ಪ್ರಭಾಕರ, ನಿರೂಪಕ, ಅವನ ನಾಯಿ ಕಿವಿ, ಮುಂದಾಳು ಕರ್ವಾಲೊ. ಇದು ಅಪ್ಪಟ ಶಿಕಾರಿ ತಂಡ. ಅಕ್ಕಿ ಸಾಮಾನಿನ ಲೆಕ್ಕ, ನಾಯಿಯನ್ನು ಕರೆದೊಯ್ಯಬೇಕೇ ಬೇಡವೇ ಎಂಬ ತಕರಾರು, ಬೆಂಕಿಯ ಸುತ್ತ ಕೂತು ಹೊಡೆಯುವ ಹರಟೆ, ಯಾರೋ ಒಬ್ಬ ತಪ್ಪು ಗಳಿಗೆಯಲ್ಲಿ ಮಾಡುವ ಸದ್ದು: ಬೇಟೆಯ ಕಥನದಲ್ಲಿ ಇರಬೇಕಾದದ್ದೆಲ್ಲ ಇದೆ. ಇಲ್ಲದ್ದು ಒಂದೇ, ಕೊಲ್ಲುವ ಉದ್ದೇಶ. ಮಿಕ ಕೊನೆಗೆ ಕಣ್ಣೆದುರೇ ಕಣಿವೆಗೆ ತೇಲಿ ಹೋಗುತ್ತದೆ. ಹಳೆಯ ಬೇಟೆಗಾರನಾಗಿದ್ದರೆ ಗುರಿ ತಪ್ಪಿತೆಂದು ಹಣೆ ಚಚ್ಚಿಕೊಳ್ಳುತ್ತಿದ್ದ. ಇಲ್ಲಿ ತಪ್ಪಿಸಿಕೊಂಡದ್ದೇ ದರ್ಶನವಾಗುತ್ತದೆ.

ತೇಜಸ್ವಿ ಇದನ್ನು ಬರೆಯಬಲ್ಲವರಾದದ್ದು ಅವರು ಸ್ವತಃ ಕೋವಿ ಹಿಡಿದವರಾದ್ದರಿಂದ. ಹಕ್ಕಿಯ ಫೋಟೊಗಾಗಿ ಮರೆಯಲ್ಲಿ ಗಂಟೆಗಟ್ಟಲೆ ಅಲುಗಾಡದೆ ಕೂರುವುದು ಮರಸು ಕೂರುವುದಲ್ಲದೆ ಇನ್ನೇನು? ಅಪ್ಪ ಬಿಟ್ಟ ಬೇಟೆಯನ್ನು ಮಗ ಕೈಬಿಡಲಿಲ್ಲ. ಕೋವಿಯ ಜಾಗದಲ್ಲಿ ಕ್ಯಾಮರಾ ಇಟ್ಟು ಉಳಿದದ್ದೆಲ್ಲವನ್ನೂ ಉಳಿಸಿಕೊಂಡರು.

ಆದರೆ 'ಕರ್ವಾಲೊ' ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಕಾರಣಕ್ಕೆ. ಊರಿನವರ ಕಣ್ಣಲ್ಲಿ ದಡ್ಡನಾದ ಮಂದಣ್ಣನನ್ನು ವಿಜ್ಞಾನಿಯೊಬ್ಬ ಹುಟ್ಟು ನಿಸರ್ಗತಜ್ಞ ಎಂದು ಗುರುತಿಸುತ್ತಾನೆ. ನಿರೂಪಕನಿಗೆ ಇದನ್ನು ನಂಬಲು ಆಗುವುದಿಲ್ಲ. ವಿದ್ಯಾವಂತ ಕೃಷಿಕನ ಅನುಮಾನ ಅವನದು, ನಮ್ಮದೂ ಹೌದು. ಪುಟ್ಟಣ್ಣ, ಗುತ್ತಿ, ಹೆಸರೇ ಸಿಗದ ಸೋವಿನವರು, ಇವರೆಲ್ಲರ ಹತ್ತಿರ ಇದ್ದದ್ದು ವಿದ್ಯೆ ಎಂದು ಕನ್ನಡ ಕಾದಂಬರಿಯೊಂದು ಹೀಗೆ ನೇರವಾಗಿ ಒಪ್ಪಿಕೊಂಡದ್ದು ಇಲ್ಲಿ. ಒಪ್ಪಿಕೊಂಡಿತೇನೋ ಹೌದು. ಅಷ್ಟಾದರೂ ಮಂದಣ್ಣನ ವಿದ್ಯೆಗೆ ಮುದ್ರೆ ಒತ್ತಲು ಕರ್ವಾಲೊ ಬೇಕಾಯಿತು, ಪುಸ್ತಕಕ್ಕೆ ಅವರದೇ ಹೆಸರಾಯಿತು. ಮಂದಣ್ಣ ತಾನೇ ಇನ್ನೊಬ್ಬನಿಗೆ ಕಲಿಸುವ ದೃಶ್ಯ ಆ ಕಾದಂಬರಿಯಲ್ಲಿ ನೆನಪಿನಲ್ಲಿ ಉಳಿಯುವಂತೆ ಬಂದಿಲ್ಲ. ಶಿಷ್ಯನಾಗಿ ಅವನಿಗೆ ಜಾಗವಿದೆ, ಗುರುವಾಗಿ ಇಲ್ಲ. ಇದನ್ನು ತೇಜಸ್ವಿಯವರ ತಪ್ಪೆಂದು ಹೇಳುತ್ತಿಲ್ಲ. ಅವರೇ ಆಮೇಲೆ ಈ ಕಡೆ ಇನ್ನಷ್ಟು ನಡೆದರು. 'ಪರಿಸರದ ಕತೆ'ಯ ಒಂದು ಬರಹಕ್ಕೆ ಇಟ್ಟ ಹೆಸರೇ 'ಮಾಸ್ತಿ ಮತ್ತು ಬೈರ'. ಆ ಪುಸ್ತಕವನ್ನು ಶಾಲೆ ಕಾಲೇಜುಗಳಲ್ಲಿ ಪರಿಸರದ ಪಾಠವೆಂದು ಓದಿಸುತ್ತಾರೆ. ಒಂದು ಸಲ ಶಿಕಾರಿಯ ಪುಸ್ತಕವೆಂದು, ಯಾರು ಯಾರಿಗೆ ಏನು ತೋರಿಸಿಕೊಡುತ್ತಿದ್ದಾರೆ ಎಂದು ಪೆನ್ಸಿಲಿನಲ್ಲಿ ಗೆರೆ ಹಾಕಿಕೊಳ್ಳುತ್ತ ಓದಿ ನೋಡಿ. ಗೆರೆಗಳು ಎಲ್ಲಿ ದಟ್ಟವಾಗುತ್ತವೆ ಎಂಬುದನ್ನು ಓದಿದವರು ನನಗೂ ಬರೆದು ತಿಳಿಸಿ.